ವಿಂಗ್ ಚುನ್‌ನ ಕೈ ಏಟುಗಳು: ಹೆಸರು ಏನು, ಹೊಡೆಯುವುದು ಹೇಗೆ, ಯಾವುದು ಮೊದಲು?

ವಿಂಗ್ ಚುನ್ ಎಂಬ ಚೀನೀ ಸಮರ ಕಲೆಯನ್ನು ಕಲಿಯಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇಷ್ಟೊಂದು ಚೀನೀ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಒಂದು ವೀಡಿಯೊದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಮತ್ತೊಂದು, ಯಾವುದು ಸರಿ? ಮೊದಲು ಯಾವ ಏಟು ಕಲಿಯಬೇಕು? ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ಉತ್ತರಗಳನ್ನು ಒಂದೇ ಕಡೆ, ಕಲಿಯುವ ಕ್ರಮದಲ್ಲೇ ಬರೆದಿದ್ದೇನೆ.

ಮೊದಲೇ ಒಂದು ಮಾತು. ವಿಂಗ್ ಚುನ್‌ನಲ್ಲಿ ಏಟುಗಳ ಸಂಖ್ಯೆ ಜಾಸ್ತಿ ಇಲ್ಲ. ಇರುವ ಕೆಲವೇ ಏಟುಗಳಿಗೂ ಬೇರು ಒಂದೇ: ಮೊಣಕೈ ಎಲ್ಲಿದೆ ಅನ್ನುವುದು. ಅದು ಸರಿಯಾದರೆ ಮುಷ್ಟಿ, ಅಂಗೈ, ಕೈಯಂಚು ಎಲ್ಲವೂ ಒಂದೊಂದಾಗಿ ಕೂಡಿಬರುತ್ತವೆ. ಅದು ತಪ್ಪಿದರೆ ನೂರು ಹೆಸರು ಬಾಯಿಪಾಠ ಮಾಡಿದರೂ ಏಟಿನಲ್ಲಿ ಬಲ ಇರುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ದಯವಿಟ್ಟು ಹಾರಿಸಬೇಡಿ.

ಹಿನ್ನೆಲೆ ಸ್ವಲ್ಪ ತಿಳಿದಿದ್ದರೆ ಹೆಸರುಗಳ ಗೊಂದಲ ಅರ್ಧ ಕಡಿಮೆಯಾಗುತ್ತದೆ. ವಿಂಗ್ ಚುನ್ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಕಲೆ. ಙ್ ಮುಯ್ ಎಂಬ ಸನ್ಯಾಸಿನಿ ಇದನ್ನು ಹುಟ್ಟುಹಾಕಿ ಯಿಮ್ ವಿಂಗ್ ಚುನ್ ಎಂಬ ಹುಡುಗಿಗೆ ಕಲಿಸಿದಳು ಎನ್ನುವುದು ಗುರುಗಳ ಬಾಯಿಂದ ಬಾಯಿಗೆ ಬಂದ ಕತೆ, ದಾಖಲೆ ಇರುವ ಇತಿಹಾಸವಲ್ಲ. ಗಟ್ಟಿಯಾಗಿ ಹೇಳಬಹುದಾದ ಕೊಂಡಿ ಶುರುವಾಗುವುದು 19ನೇ ಶತಮಾನದ ಫೋಶಾನ್ ಪಟ್ಟಣದಲ್ಲಿ. ಅಲ್ಲಿ ಲಿಯಾಂಗ್ ಜಾನ್ ಎಂಬ ವೈದ್ಯರಿದ್ದರು. ಅವರ ಶಿಷ್ಯ ಚಾನ್ ವಾ ಶುನ್. ಚಾನ್ ಅವರ ಕೊನೆಗಾಲದ ಶಿಷ್ಯ ಇಪ್ ಮಾನ್. 1893ರಲ್ಲಿ ಫೋಶಾನ್‌ನಲ್ಲಿ ಹುಟ್ಟಿದ ಇಪ್ ಮಾನ್ ಮುಂದೆ ಹಾಂಗ್‌ಕಾಂಗ್‌ಗೆ ಹೋಗಿ, 1950ರಲ್ಲಿ ಅಲ್ಲಿನ ಹೋಟೆಲ್ ಕಾರ್ಮಿಕರ ಸಂಘದಲ್ಲಿ ಪಾಠ ಶುರು ಮಾಡಿದರು. ಹದಿಹರೆಯದಲ್ಲಿ ಬ್ರೂಸ್ ಲೀ ಕಲಿತದ್ದೂ ಅವರ ಬಳಿಯೇ. ಇಪ್ ಮಾನ್ 1972ರಲ್ಲಿ ತೀರಿಕೊಂಡರು. ಇಂದು ಜಗತ್ತಿನಾದ್ಯಂತ ಕಲಿಸುವ ವಿಂಗ್ ಚುನ್‌ನಲ್ಲಿ ಬಹುಪಾಲು ಅವರ ಶಿಷ್ಯರ ಮೂಲಕ ಹರಡಿದ್ದು. ಈ ಲೇಖನವೂ ಆ ಕವಲನ್ನೇ ಅನುಸರಿಸುತ್ತದೆ.

ಶುರು ಮಾಡುವ ಮುಂಚೆ ಬೇಕಾಗುವುದು

ದೊಡ್ಡ ಸಾಮಾನು ಏನೂ ಬೇಡ. ಎರಡು ಹೆಜ್ಜೆ ಹಿಂದೆ ಮುಂದೆ ಆಡುವಷ್ಟು ಜಾಗ, ಸಡಿಲ ಬಟ್ಟೆ, ಒಂದು ಕನ್ನಡಿ ಸಾಕು. ಕನ್ನಡಿ ಇಲ್ಲದಿದ್ದರೆ ಫೋನನ್ನು ಎದುರಿಗೊಮ್ಮೆ, ಪಕ್ಕಕ್ಕೊಮ್ಮೆ ಇಟ್ಟು ವೀಡಿಯೊ ಮಾಡಿಕೊಳ್ಳಿ. ಪಕ್ಕದಿಂದ ತೆಗೆದ ವೀಡಿಯೊ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಭುಜ ಮೇಲೇರುವುದು ಅದರಲ್ಲೇ ಸ್ಪಷ್ಟವಾಗಿ ಕಾಣುವುದು. ಉಗುರು ಕತ್ತರಿಸಿ. ಉಂಗುರ, ವಾಚು, ಬಳೆ, ಕಡಗ ತೆಗೆದಿಡಿ. ಗೋಡೆಗೆ ಹಾಕುವ ಚೀಲ ಬೇಕಾಗುವುದು ಆಮೇಲೆ, ಅದರ ಬಗ್ಗೆ 6ನೇ ಹಂತದಲ್ಲಿ ಹೇಳುತ್ತೇನೆ.

ಮಣಿಕಟ್ಟು, ಭುಜ, ಮೊಣಕಾಲು ಇವುಗಳಲ್ಲಿ ಹಳೇ ಪೆಟ್ಟೋ ನೋವೋ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಮುಷ್ಟಿಯ ಕಲೆಯಲ್ಲಿ ಕಾಲಿನ ಮಾತೇಕೆ ಎನ್ನಿಸಬಹುದು. 2ನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಆರು ಪದ ಕಲಿಯಿರಿ, ಉಳಿದದ್ದು ತಾನಾಗಿ ಬರುತ್ತದೆ

ಹೆಸರುಗಳೆಲ್ಲ ಕ್ಯಾಂಟನೀಸ್ ಭಾಷೆಯವು. ಅದು ಗ್ವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್ ಜನರ ಮಾತು. ಹೆಚ್ಚಿನ ಹೆಸರುಗಳಲ್ಲಿ ಕೊನೆಯ ಪದ ಕೈಯ ಯಾವ ಭಾಗ ಎಂದು ಹೇಳುತ್ತದೆ. ಅದಕ್ಕೂ ಮೊದಲು ಬರುವ ಪದ ಅದು ಹೇಗೆ, ಎಲ್ಲಿಗೆ ಹೋಗುತ್ತದೆ ಎಂದು ಹೇಳುತ್ತದೆ.

ಕುಯೆನ್ ಎಂದರೆ ಮುಷ್ಟಿ.
ಜೆಂಗ್ ಎಂದರೆ ಅಂಗೈ.
ಸೌ ಎಂದರೆ ಕೈ.
ಜಿ ಎಂದರೆ ಬೆರಳು.
ಜಾಂಗ್ ಎಂದರೆ ಮೊಣಕೈ.
ದಾ ಎಂದರೆ ಹೊಡೆಯುವುದು.

ಈಗ ನೋಡಿ. ವಾಂಗ್ ಎಂದರೆ ಅಡ್ಡ. ಹಾಗಾದರೆ ವಾಂಗ್ ಜೆಂಗ್ ಎಂದರೆ ಅಡ್ಡ ಅಂಗೈ ಏಟು. ಚುಂಗ್ ಎಂದರೆ ಮುನ್ನುಗ್ಗುವುದು, ಚುಂಗ್ ಕುಯೆನ್ ಎಂದರೆ ಮುನ್ನುಗ್ಗುವ ಮುಷ್ಟಿ. ಹೆಸರೇ ಪಾಠ ಹೇಳಿಕೊಡುತ್ತದೆ.

ಎಡವುವ ಜಾಗಗಳು ಮೂರು. ಮೊದಲನೆಯದು ‘ಜಿ’. ಬಿಯು ಜಿ ಎನ್ನುವಲ್ಲಿ ಜಿ ಎಂದರೆ ಬೆರಳು. ಯಾಟ್ ಜಿ ಎನ್ನುವಲ್ಲಿ ಜಿ ಎಂದರೆ ಅಕ್ಷರ. ಚೀನೀ ಲಿಪಿಯಲ್ಲಿ ಇವು ಬೇರೆ ಬೇರೆ, ನಮ್ಮ ಕಿವಿಗೆ ಮಾತ್ರ ಒಂದೇ. ಎರಡನೆಯದು ‘ಸೌ’ ಎಂದು ಮುಗಿಯುವ ಹೆಸರುಗಳು. ತಾನ್ ಸೌ, ಬೋಂಗ್ ಸೌ, ಫುಕ್ ಸೌ, ವೂ ಸೌ ಇವು ಮುಖ್ಯವಾಗಿ ತಡೆಯುವ, ತಿರುಗಿಸುವ, ಕಾಯುವ ಕೈಗಳು, ಏಟುಗಳಲ್ಲ. ಫಾಕ್ ಸೌ ಇದಕ್ಕೆ ಹೊರತು, ಅದು ಏಟು. ಮೂರನೆಯದು ಮ್ಯಾಂಡರಿನ್ ಉಚ್ಚಾರ. ಕೆಲವು ವೀಡಿಯೊಗಳಲ್ಲಿ ಕುಯೆನ್ ಬದಲು ‘ಚುವಾನ್’, ಸೌ ಬದಲು ‘ಶೌ’, ಜೆಂಗ್ ಬದಲು ‘ಝಾಂಗ್’ ಎನ್ನುತ್ತಾರೆ. ವಿಂಗ್ ಚುನ್ ಕೂಡ ಅಲ್ಲಿ ‘ಯೋಂಗ್ ಚುನ್’ ಆಗುತ್ತದೆ. ಪದ ಅದೇ, ನಾಲಿಗೆ ಬೇರೆ. ಯಾವುದು ಸರಿ ಎಂದು ಜಗಳ ಬೇಡ. ನಿಮ್ಮ ಗುರುಗಳು ಹೇಳುವುದನ್ನೇ ಹೇಳಿ.

ಹಂತ 2: ನಿಲುವು ಮತ್ತು ನಡುಗೆರೆ

ನಿಲುವಿನ ಹೆಸರು ಯೀ ಜಿ ಕಿಮ್ ಯೆಂಗ್ ಮಾ. ತೊಡೆಗಳ ನಡುವೆ ಆಡೊಂದನ್ನು ಹಿಡಿದು ನಿಂತ ಹಾಗೆ ಎಂಬ ಅರ್ಥ ಅದರಲ್ಲಿದೆ. ಎರಡೂ ಪಾದ ಜೋಡಿಸಿ ನಿಲ್ಲಿ. ಮಂಡಿ ಸ್ವಲ್ಪ ಬಗ್ಗಿಸಿ. ಹಿಮ್ಮಡಿ ಅಲ್ಲೇ ಇಟ್ಟು ಪಾದದ ಮುಂಭಾಗ ಹೊರಕ್ಕೆ ತಿರುಗಿಸಿ. ಆಮೇಲೆ ಮುಂಭಾಗ ಅಲ್ಲೇ ಇಟ್ಟು ಹಿಮ್ಮಡಿ ಹೊರಕ್ಕೆ ತಿರುಗಿಸಿ. ಈಗ ಹೆಬ್ಬೆರಳುಗಳು ಸ್ವಲ್ಪ ಒಳಮುಖವಾಗಿವೆ. ಬೆನ್ನು ನೆಟ್ಟಗೆ, ಸೊಂಟ ಹಿಂದಕ್ಕೆ ಚಾಚದೆ, ಗದ್ದ ಸಹಜವಾಗಿ.

ಎಚ್ಚರಿಕೆ: ಮಂಡಿಗಳನ್ನು ಬಲವಂತವಾಗಿ ಒಳಕ್ಕೆ ಒತ್ತಬೇಡಿ. ಮಂಡಿ ಯಾವಾಗಲೂ ಪಾದದ ಬೆರಳು ನೋಡುವ ದಿಕ್ಕಿನಲ್ಲೇ ಇರಲಿ. ಆಡು ಹಿಡಿಯುವ ಮಾತನ್ನು ಅಕ್ಷರಶಃ ತೆಗೆದುಕೊಂಡು ಒತ್ತಿದವರಿಗೆ ಮಂಡಿಯ ಒಳಭಾಗ ನೋಯುತ್ತದೆ. ನೋವು ಬಂದರೆ ಪಾದಗಳನ್ನು ಸ್ವಲ್ಪ ನೇರ ಮಾಡಿ, ಅಗಲ ಕಡಿಮೆ ಮಾಡಿ.

ಮೂಗಿನ ತುದಿಯಿಂದ ಹೊಕ್ಕುಳವರೆಗೆ ಒಂದು ಗೆರೆ ಎಳೆದುಕೊಳ್ಳಿ. ಅದೇ ನಡುಗೆರೆ, ಕ್ಯಾಂಟನೀಸ್‌ನಲ್ಲಿ ಜುಂಗ್ ಸಿನ್. ಎದುರಿನವರ ಮೈಮೇಲೂ ಅಂಥದೇ ಗೆರೆ ಇದೆ. ಈ ಎರಡು ಗೆರೆಗಳ ನಡುವೆ ಇರುವುದೇ ಅತಿ ಹತ್ತಿರದ ದಾರಿ. ವಿಂಗ್ ಚುನ್‌ನ ಹೆಚ್ಚಿನ ಏಟುಗಳು ಆ ದಾರಿ ಹಿಡಿಯುತ್ತವೆ, ಹೆಚ್ಚಿನ ತಡೆಗಳು ಆ ದಾರಿಯನ್ನು ಕಾಯುತ್ತವೆ. ಮೊದಲ ಅಭ್ಯಾಸ ಮಾಲೆಯಾದ ಸಿಯು ನಿಮ್ ತೌ ಶುರುವಾಗುವುದೇ ಎರಡೂ ಕೈಗಳನ್ನು ಕತ್ತರಿಯಂತೆ ಅಡ್ಡ ಇಟ್ಟು ಈ ಗೆರೆಯನ್ನು ಗುರುತಿಸುವುದರಿಂದ. ಅಭ್ಯಾಸ ಮಾಲೆ ಎಂದರೆ ಒಬ್ಬರೇ ಮಾಡುವ, ಕ್ರಮ ಗೊತ್ತುಪಡಿಸಿದ ಚಲನೆಗಳ ಸರಣಿ, ಕರಾಟೆಯವರು ಕಟಾ ಎನ್ನುತ್ತಾರಲ್ಲ, ಅದು. ಇಂಥ ಬರಿಗೈ ಮಾಲೆಗಳು ವಿಂಗ್ ಚುನ್‌ನಲ್ಲಿ ಮೂರೇ: ಸಿಯು ನಿಮ್ ತೌ, ಚಮ್ ಕಿಯು, ಬಿಯು ಜಿ.

ಹಂತ 3: ಯಾಟ್ ಜಿ ಚುಂಗ್ ಕುಯೆನ್, ನೇರ ಮುಷ್ಟಿ

ಇದೇ ಎಲ್ಲಕ್ಕೂ ತಾಯಿ. ಇಲ್ಲಿ ಸಮಯ ಕೊಡಿ, ಎಷ್ಟು ಕೊಟ್ಟರೂ ಜಾಸ್ತಿಯಾಗುವುದಿಲ್ಲ.

‘ಯಾಟ್’ ಎಂದರೆ ಸೂರ್ಯ. ಸೂರ್ಯನನ್ನು ಸೂಚಿಸುವ ಚೀನೀ ಅಕ್ಷರ ನೆಟ್ಟಗೆ ನಿಂತ ಒಂದು ಆಯತ, ನಡುವೆ ಒಂದು ಅಡ್ಡಗೆರೆ. ನಿಂತ ಮುಷ್ಟಿಯನ್ನು ಎದುರಿನಿಂದ ನೋಡಿದರೆ ಅದೇ ಆಕಾರ. ಹೆಬ್ಬೆರಳು ಮೇಲೆ, ಕಿರುಬೆರಳು ಕೆಳಗೆ.

ಮಾಡುವ ಕ್ರಮ ಹೀಗಿದೆ.

ಒಂದು, ಮುಷ್ಟಿಯನ್ನು ಎದೆಯ ಪಕ್ಕಕ್ಕೆ ಎಳೆದುಕೊಳ್ಳಿ. ಮೈಗೆ ಒರಗಿಸಬೇಡಿ. ಬೆರಳುಗಳು ಮಡಿಚಿರಲಿ, ಆದರೆ ಬಿಗಿ ಬೇಡ. ಹೆಬ್ಬೆರಳು ಹೊರಗಿರಲಿ. ಮುಷ್ಟಿಯೊಳಗೆ ಹೆಬ್ಬೆರಳು ಸೇರಿಸಿದರೆ ಮೊದಲ ಏಟಿಗೇ ಅದು ಮುರಿಯಬಹುದು.

ಎರಡು, ಮುಷ್ಟಿಯನ್ನು ಎದೆಯ ಮುಂದೆ, ನಡುಗೆರೆಗೆ ತನ್ನಿ.

ಮೂರು, ಅಲ್ಲಿಂದ ನೇರವಾಗಿ ಮುಂದಕ್ಕೆ ಕಳಿಸಿ. ಮೊಣಕೈ ಕೆಳಮುಖವಾಗಿ, ಮುಷ್ಟಿಯ ಹಿಂದೆಯೇ ಬರಬೇಕು. ಮುಷ್ಟಿಯನ್ನು ಮೊಣಕೈ ತಳ್ಳುತ್ತಿದೆ ಎಂದುಕೊಳ್ಳಿ. ಇದಕ್ಕೆ ಜಾಂಗ್ ದೈ ಲಿಕ್ ಎನ್ನುತ್ತಾರೆ, ಮೊಣಕೈ ಅಡಿಯ ಬಲ.

ನಾಲ್ಕು, ಮುಟ್ಟುವ ಕ್ಷಣದಲ್ಲಿ ಮಾತ್ರ ಬಿಗಿ. ಮುಟ್ಟಿದ ಕೂಡಲೇ ಸಡಿಲ. ದಾರಿಯುದ್ದಕ್ಕೂ ಬಿಗಿ ಹಿಡಿದರೆ ಕೈ ನಿಧಾನವಾಗುತ್ತದೆ, ಬಲವೆಲ್ಲ ನಿಮ್ಮ ಭುಜದಲ್ಲೇ ಉಳಿಯುತ್ತದೆ.

ಐದು, ಇನ್ನೊಂದು ಕೈ ಸುಮ್ನೆ ಇರಬಾರದು. ಅಭ್ಯಾಸ ಮಾಲೆಯಲ್ಲಿ ಅದು ಎದೆಯ ಪಕ್ಕದಲ್ಲಿರುತ್ತದೆ. ಮಾಲೆ ಬಿಟ್ಟು ಬೇರೆ ಹೊತ್ತಿನಲ್ಲಿ ಅದು ನಡುಗೆರೆಯ ಮೇಲೆ, ಬೆರಳು ಮೇಲ್ಮುಖವಾಗಿ ಕಾವಲಿರುತ್ತದೆ. ಆ ಕಾವಲು ಕೈಯೇ ವೂ ಸೌ.

ಯಾವ ಗೆಣ್ಣು ತಾಗಬೇಕು? ಇಪ್ ಮಾನ್ ಕವಲಿನಲ್ಲಿ ಸಾಮಾನ್ಯವಾಗಿ ಕೆಳಗಿನ ಮೂರು: ನಡುಬೆರಳು, ಉಂಗುರ ಬೆರಳು, ಕಿರುಬೆರಳಿನವು. ಗೋಡೆಯ ಮುಂದೆ ನಿಂತು, ನಿಂತ ಮುಷ್ಟಿಯನ್ನು ಎದೆಯ ಎತ್ತರದಲ್ಲಿ ಗೋಡೆಗೆ ಮೆಲ್ಲಗೆ ಒತ್ತಿ. ಮೊಣಕೈ ಕೆಳಗಿರಲಿ. ಯಾವ ಗೆಣ್ಣುಗಳು ಸಹಜವಾಗಿ ಕೂರುತ್ತವೆ ನೋಡಿ. ಮುಂಗೈ ಮೂಳೆಯ ಸಾಲಿಗೆ ಕೆಳಗಿನ ಗೆಣ್ಣುಗಳೇ ಬರುತ್ತವೆ. ಮೊಣಕೈ ಹೊರಕ್ಕೆ ಎತ್ತಿ ನೋಡಿ, ತಕ್ಷಣ ಭಾರ ಮೇಲಿನ ಗೆಣ್ಣುಗಳಿಗೆ ಜಾರುತ್ತದೆ.

ಇಲ್ಲೇ ದೊಡ್ಡ ಎಚ್ಚರಿಕೆ ಕೊಡಬೇಕು. ಕಿರುಬೆರಳಿನ ಹಿಂದಿರುವ ಅಂಗೈ ಮೂಳೆ ತೆಳ್ಳಗಿನದು. ಗಟ್ಟಿ ವಸ್ತುವಿಗೆ ತಪ್ಪಾಗಿ ಗುದ್ದಿದಾಗ ಅದರ ಕುತ್ತಿಗೆ ಮುರಿಯುವುದು ಎಷ್ಟು ಸಾಮಾನ್ಯ ಎಂದರೆ, ಆ ಮುರಿತಕ್ಕೇ ವೈದ್ಯರು ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂದು ಹೆಸರಿಟ್ಟಿದ್ದಾರೆ. ಮಣಿಕಟ್ಟು ಮುಂಗೈ ಸಾಲಿನಲ್ಲಿ ನೇರ ಇಲ್ಲದೆ ಬಲವಾಗಿ ಹೊಡೆಯಲೇಬೇಡಿ. ತಲೆಬುರುಡೆಯಂಥ ಗಟ್ಟಿ ಜಾಗಕ್ಕೆ ಮುಷ್ಟಿ ಒಳ್ಳೆಯ ಆಯ್ಕೆಯೂ ಅಲ್ಲ. ಕಿರುಬೆರಳಿನ ಗೆಣ್ಣು ಒಳಕ್ಕೆ ಕುಸಿದಂತೆ ಕಂಡರೆ, ಊತ ಬಂದರೆ, ಎಣ್ಣೆ ತಿಕ್ಕುತ್ತಾ ಕೂರದೆ ಎಕ್ಸ್‌ರೇ ಮಾಡಿಸಿ.

ಮೊಣಕೈ ಸರಿ ಇದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಗೋಡೆ ನಿಮ್ಮ ಬಲಗೈ ಪಕ್ಕಕ್ಕೆ ಬರುವಂತೆ ನಿಲ್ಲಿ. ಭುಜಕ್ಕೂ ಗೋಡೆಗೂ ನಾಲ್ಕು ಬೆರಳಿನಷ್ಟು ಅಂತರವಿರಲಿ. ಬಲಗೈ ಗುದ್ದು ನಿಧಾನವಾಗಿ ಬಿಡಿ. ಮೊಣಕೈ ಗೋಡೆಗೆ ತಾಗಿದರೆ ಅದು ಹೊರಕ್ಕೆ ಹಾರುತ್ತಿದೆ ಎಂದರ್ಥ. ಎಡಗೈಗೂ ಹೀಗೇ ಮಾಡಿ. ಎರಡು ಕೈಗಳಲ್ಲಿ ಒಂದು ಯಾವಾಗಲೂ ಹಿಂದೆ ಬಿದ್ದಿರುತ್ತದೆ, ಅದಕ್ಕೆ ಎರಡು ಪಟ್ಟು ಅಭ್ಯಾಸ ಕೊಡಿ.

ಕರಾಟೆ ಕಲಿತವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ನಮ್ಮ ಶಾಲೆಗಳಲ್ಲಿ ಕರಾಟೆ ಕಲಿತು ಬಂದವರು ಬಹಳ ಜನ ಇದ್ದಾರೆ. ಅವರ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ, ಮುಷ್ಟಿ ಕೊನೆಯಲ್ಲಿ ಅಡ್ಡ ತಿರುಗುತ್ತದೆ, ಮೇಲಿನ ಎರಡು ಗೆಣ್ಣು ಮುಂದೆ ಬರುತ್ತವೆ. ಅದು ಕರಾಟೆಯಲ್ಲಿ ಸರಿ. ಇಲ್ಲಿ ಮೂರೂ ಬೇಡ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ, ಆದ್ದರಿಂದ ಅಭ್ಯಾಸದ ಹೊತ್ತನ್ನಾದರೂ ಬೇರೆ ಬೇರೆ ಇಟ್ಟುಕೊಳ್ಳಿ.

ಗಾಳಿಯಲ್ಲಿ ಗುದ್ದುವಾಗ ಕೈಯನ್ನು ಪೂರ್ತಿ ಝಾಡಿಸಿ ಕೀಲು ‘ಟಕ್’ ಎನ್ನಿಸುವುದು ಹೊಸಬರ ದೊಡ್ಡ ತಪ್ಪು. ತಡೆಯಲು ಎದುರಿಗೆ ಏನೂ ಇಲ್ಲದಿದ್ದಾಗ ಆ ರಭಸವನ್ನೆಲ್ಲ ಮೊಣಕೈ ಕೀಲೇ ತಿನ್ನುತ್ತದೆ. ವೇಗವಾಗಿ ಮಾಡುವಾಗ ಕೂದಲೆಳೆಯಷ್ಟು ಮುಂಚೆಯೇ ನಿಲ್ಲಿಸಿ.

ಹಂತ 4: ಲಿನ್ ವಾನ್ ಕುಯೆನ್, ಸರಣಿ ಗುದ್ದು

ಸಿನಿಮಾದಲ್ಲಿ ನೋಡಿದ್ದು ಇದೇ ಅಲ್ವಾ? ಎಲ್ಲರೂ ಇದನ್ನೇ ಮೊದಲು ಕೇಳುತ್ತಾರೆ. ಲಿನ್ ವಾನ್ ಎಂದರೆ ಕೊಂಡಿ ಕೊಂಡಿಯಾಗಿ ಸೇರಿದ್ದು. ಹೊಸ ತಂತ್ರವೇನಲ್ಲ, ಹಂತ 3ರ ಗುದ್ದೇ ಒಂದರ ಹಿಂದೆ ಒಂದು.

ಒಂದು ಮುಷ್ಟಿ ಮುಂದೆ ಹೋದಾಗ ಇನ್ನೊಂದು ಅದರ ಕೆಳಗಿನಿಂದ ಹಿಂದಕ್ಕೆ ಬರುತ್ತದೆ. ಹೊಸ ಮುಷ್ಟಿ ಹಳೇ ಮುಷ್ಟಿಯ ಮೇಲಿನಿಂದ, ಅದೇ ಗೆರೆಯಲ್ಲಿ ಹೋಗುತ್ತದೆ. ಮೊದಲು ಮೂರೇ ಗುದ್ದು. ನಿಲ್ಲಿಸಿ, ಮೊಣಕೈ ನೋಡಿ, ಮತ್ತೆ ಮೂರು. ಸಿಯು ನಿಮ್ ತೌ ಮುಗಿಯುವುದೂ ಸರಣಿ ಗುದ್ದಿನಿಂದಲೇ.

ವೇಗದ ಆಸೆಗೆ ಮೂರು ತಪ್ಪು ಸೇರಿಕೊಳ್ಳುತ್ತವೆ. ಕೈಗಳು ಸೈಕಲ್ ಪೆಡಲ್ ತಿರುಗಿದಂತೆ ಗುಂಡಗೆ ಸುತ್ತುತ್ತವೆ, ಮುಂದಕ್ಕೆ ಹೋಗುವುದೇ ಇಲ್ಲ. ಭುಜ ಕಿವಿಯ ಹತ್ತಿರ ಏರುತ್ತದೆ. ತಲೆ ಮುಂದಕ್ಕೆ ಬಾಗುತ್ತದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಸರಣಿ ಗುದ್ದಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಬಲವಿರುವ ಒಂದು ಗುದ್ದು ಬಾರದವರಿಗೆ ಹತ್ತು ಗುದ್ದಿನಿಂದ ಪ್ರಯೋಜನವಿಲ್ಲ. ಇದಕ್ಕೆ ಅಭ್ಯಾಸದ ಹೊತ್ತಿನಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಕೊಡಬೇಡಿ.

ಇದರ ಜೊತೆಗೆ ಇನ್ನೊಂದು ಮುಷ್ಟಿಯ ಹೆಸರು ಕೇಳಿರುತ್ತೀರಿ, ಚೌ ಕುಯೆನ್. ಕೆಳಗಿನಿಂದ ಮೇಲಕ್ಕೆ ಏರುವ ಗುದ್ದು. ಅದು ಎರಡನೇ ಮಾಲೆಯಾದ ಚಮ್ ಕಿಯುವಿನಲ್ಲಿ, ಮೈ ತಿರುಗಿಸುವುದನ್ನು ಕಲಿತ ಮೇಲೆ ಬರುತ್ತದೆ. ಈಗ ಹೆಸರು ಗೊತ್ತಿದ್ದರೆ ಸಾಕು.

ಹಂತ 5: ಅಂಗೈ ಏಟುಗಳು, ಕೈಯಂಚಿನ ಏಟು

ಅಂಗೈ ಎಂದಾಗ ಕಪಾಳಕ್ಕೆ ಬಾರಿಸುವುದು ನೆನಪಾಗುತ್ತದೆ. ಇದು ಅದಲ್ಲ. ತಾಗುವುದು ಅಂಗೈಯ ಬುಡ, ಮಣಿಕಟ್ಟಿಗೆ ಅಂಟಿದ ದಪ್ಪ ಭಾಗ. ಬೆರಳುಗಳು ಸಡಿಲವಾಗಿ ಹಿಂದಕ್ಕಿರುತ್ತವೆ. ಗೆಣ್ಣು ಮುರಿಯುವ ಭಯ ಇಲ್ಲದಿರುವುದರಿಂದ ಮುಖ, ಗದ್ದದಂಥ ಗಟ್ಟಿ ಜಾಗಕ್ಕೆ ಮುಷ್ಟಿಗಿಂತ ಇದೇ ಮೇಲು. ಆತ್ಮರಕ್ಷಣೆಗೆಂದೇ ಕಲಿಯುವವರಿಗೆ ನಾನು ಮೊದಲು ಹೇಳುವುದು ಅಂಗೈ ಏಟನ್ನೇ.

ಜಿಂಗ್ ಜೆಂಗ್: ನೇರ ಅಂಗೈ. ಬೆರಳು ಮೇಲಕ್ಕೆ. ದಾರಿ ಚುಂಗ್ ಕುಯೆನ್‌ನದೇ, ಮೊಣಕೈ ಕೂಡ ಅಲ್ಲೇ.

ವಾಂಗ್ ಜೆಂಗ್: ಅಡ್ಡ ಅಂಗೈ. ಬೆರಳುಗಳು ಪಕ್ಕಕ್ಕೆ ತಿರುಗಿರುತ್ತವೆ. ಕೈ ಬೀಸುವುದಿಲ್ಲ, ನೇರವಾಗಿಯೇ ಹೋಗುತ್ತದೆ, ಆಕಾರ ಮಾತ್ರ ಅಡ್ಡ. ಹೊಸಬರು ಹೆಸರು ಕೇಳಿ ಕೈಯನ್ನೇ ಅಡ್ಡ ಬೀಸುತ್ತಾರೆ, ಆಗ ನಡುಗೆರೆ ಖಾಲಿ ಬೀಳುತ್ತದೆ.

ದೈ ಜೆಂಗ್: ಕೆಳ ಅಂಗೈ. ಗುರಿ ಪಕ್ಕೆಲುಬಿನ ಕೆಳಭಾಗ, ಹೊಟ್ಟೆ. ಬೆರಳುಗಳು ಕೆಳಕ್ಕೆ ಅಥವಾ ಹೊರಕ್ಕೆ ತಿರುಗಿರುತ್ತವೆ. ಇದನ್ನು ಮಾಡುವಾಗ ಸೊಂಟದಿಂದ ಬಗ್ಗಬೇಡಿ. ಮುಖ ಮುಂದೆ ಹೋದರೆ ಎದುರಿನವರ ಮೊಣಕಾಲಿಗೋ ಮುಷ್ಟಿಗೋ ನೀವೇ ತಲೆ ಕೊಟ್ಟಂತೆ.

ಕೀಬೋರ್ಡ್ ಮುಂದೆ ಕೂತು ಕೆಲಸ ಮಾಡುವವರಲ್ಲಿ ಹಲವರಿಗೆ ಮಣಿಕಟ್ಟು ಹಿಂದಕ್ಕೆ ಬಾಗುವುದೇ ಕಷ್ಟ. ಅಂಥವರು ಏಟು ಶುರು ಮಾಡುವ ಮುಂಚೆ ಎರಡು ನಿಮಿಷ ಬೆರಳು, ಮಣಿಕಟ್ಟು ಎಳೆದು ಸಡಿಲ ಮಾಡಿಕೊಳ್ಳಿ. ಸಿಯು ನಿಮ್ ತೌನಲ್ಲಿ ಮತ್ತೆ ಮತ್ತೆ ಬರುವ ಹುಯೆನ್ ಸೌ, ಅಂದರೆ ಮಣಿಕಟ್ಟನ್ನು ಸುತ್ತಿಸುವ ಕೈ, ಇದಕ್ಕೆ ಬಹಳ ಒಳ್ಳೆಯದು.

ಇನ್ನು ಕೈಯಂಚು. ಫಾಕ್ ಸೌ ಎಂದರೆ ಝಾಡಿಸುವ ಕೈ. ಕಿರುಬೆರಳಿನ ಕಡೆಯ ಅಂಚು ತಾಗುತ್ತದೆ. ಕೈ ಎದೆಯ ಮುಂದೆ ಮಡಿಚಿರುತ್ತದೆ, ಅಲ್ಲಿಂದ ಮೊಣಕೈ ಬಿಚ್ಚಿಕೊಂಡು ಹೊರಕ್ಕೆ ಹೋಗುತ್ತದೆ. ಗುರಿ ಕುತ್ತಿಗೆ, ಗಂಟಲು. ಕುತ್ತಿಗೆಗೇ ಗುರಿಯಿಟ್ಟ ಏಟಿಗೆ ಸಾಟ್ ಗೇಂಗ್ ಸೌ ಎಂದೂ ಹೇಳುತ್ತಾರೆ. ಜೊತೆಗಾರರ ಮೇಲೆ ಅಭ್ಯಾಸ ಮಾಡುವಾಗ ಒಂದು ಗೇಣು ದೂರದಲ್ಲೇ ಕೈ ನಿಲ್ಲಬೇಕು. ‘ಮೆಲ್ಲಗೆ ತಾಗಿಸ್ತೀನಿ’ ಎನ್ನುವ ಮಾತೇ ಬೇಡ. ಗಂಟಲಿಗೆ ಮೆಲ್ಲಗಿನ ಏಟು ಎಂಬುದಿಲ್ಲ.

ಹಂತ 6: ಗೋಡೆ ಚೀಲ

ಗಾಳಿಗೆ ಹೊಡೆದು ಆಕಾರ ಬಂದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಸಾಂಪ್ರದಾಯಿಕ ವಿಂಗ್ ಚುನ್ ಚೀಲ ತೂಗಾಡುವುದಿಲ್ಲ. ದಪ್ಪ ಕ್ಯಾನ್ವಾಸ್ ಬಟ್ಟೆಯ ಚಪ್ಪಟೆ ಚೀಲ, ಗೋಡೆಗೆ ಅಂಟಿಕೊಂಡಂತೆ ನೇತುಹಾಕುತ್ತಾರೆ. ಒಂದರ ಕೆಳಗೊಂದು ಮೂರು ಕಿಸೆ ಇರುವುದು ಸಾಮಾನ್ಯ. ಮುಖ, ಎದೆ, ಹೊಟ್ಟೆಯ ಎತ್ತರಕ್ಕೆ ಒಂದೊಂದು. ಮನೆಗೆ ಒಂದೇ ಕಿಸೆ ಸಾಕು, ಬ್ಯಾಗು ಹೊಲಿಯುವವರ ಹತ್ತಿರ ಹೊಲಿಸಿಕೊಳ್ಳಬಹುದು. ಹತ್ತು ಹನ್ನೆರಡು ಇಂಚು ಅಗಲವಿರಲಿ, ನಡುಭಾಗ ನಿಮ್ಮ ಎದೆಗೂಡಿನ ಕೆಳತುದಿಯ ಎತ್ತರಕ್ಕೆ ಬರಲಿ.

ತುಂಬಲು ಮೊದಲಿಗೆ ಹೆಸರುಕಾಳು ಅಥವಾ ಅಕ್ಕಿ. ಏಟು ಬಿದ್ದಾಗ ಕಾಳು ಸ್ವಲ್ಪ ಸರಿದು ಕೈಗೆ ಜಾಗ ಕೊಡುತ್ತದೆ. ತುಂಬುವ ಮುಂಚೆ ಚೆನ್ನಾಗಿ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಹುಳು ಬೀಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಚೀಲವನ್ನೇ ಆಗಾಗ ಒಣಗಿಸಬೇಕು. ಮರಳು ಗಟ್ಟಿ, ಅದು ಆಮೇಲೆ. ಕಬ್ಬಿಣದ ಗುಂಡು ತುಂಬುವವರೂ ಇದ್ದಾರೆ, ನೀವು ಆ ಸಾಹಸಕ್ಕೆ ಹೋಗಬೇಡಿ. ಚೀಲವನ್ನು ಗಟ್ಟಿ ಗೋಡೆಗೇ ಹಾಕಿ, ಪಾರ್ಟಿಷನ್ ಹಲಗೆಗೆ ಬೇಡ.

ಮೊದಲ ವಾರಗಳಲ್ಲಿ ಅಂಗೈ ಏಟು ಮಾತ್ರ. ಆಮೇಲೆ ಮುಷ್ಟಿ, ಅದೂ ಅರ್ಧ ಬಲದಲ್ಲಿ, ಒಂದೊಂದೇ. ಚೀಲಕ್ಕೆ ತಾಗಿದಾಗ ಮಣಿಕಟ್ಟು ಮಡಿಚುತ್ತದೆಯೇ, ಭುಜ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆಯೇ, ಹಿಮ್ಮಡಿ ನೆಲ ಬಿಡುತ್ತದೆಯೇ ನೋಡಿ. ಮೂರೂ ಇಲ್ಲದಿದ್ದರೆ ಬಲ ಹೆಚ್ಚಿಸಬಹುದು. ಚರ್ಮ ಕಿತ್ತರೆ ಆ ದಿನ ನಿಲ್ಲಿಸಿ, ಗಾಯ ಆರುವವರೆಗೆ ಮುಟ್ಟಬೇಡಿ. ಮರಗಟ್ಟಿದ ಗೆಣ್ಣು ಒಳ್ಳೆಯ ಏಟಿನ ಗುರುತಲ್ಲ.

ಪೆಟ್ಟಿಗೆ ಹಚ್ಚುವ ಚೀನೀ ಮೂಲಿಕೆ ಲೇಪ ದಿತ್ ದಾ ಜಾವ್ ಬಗ್ಗೆ ಕೆಲವರು ಕೇಳುತ್ತಾರೆ. ಮೂಲಿಕೆಗಳನ್ನು ಮದ್ಯದಲ್ಲಿ ನೆನೆಸಿ ಮಾಡಿದ್ದು. ಹೊರಗೆ ಹಚ್ಚಲು ಮಾತ್ರ, ಕುಡಿಯುವಂತಿಲ್ಲ, ತೆರೆದ ಗಾಯಕ್ಕೆ ಹಾಕುವಂತಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ.

ಹಂತ 7: ತಡೆ ಮತ್ತು ಏಟು ಒಂದೇ ಹೊತ್ತಿಗೆ

ಇಲ್ಲಿ ಜೊತೆಗಾರರು ಬೇಕು. ವಿಂಗ್ ಚುನ್‌ನ ಸ್ವಭಾವ ಕಾಣುವುದೇ ಇಲ್ಲಿ. ಒಂದು ಕೈ ಬರುವ ಏಟನ್ನು ನೋಡಿಕೊಳ್ಳುವಾಗಲೇ ಇನ್ನೊಂದು ಹೊಡೆದಿರುತ್ತದೆ. ಇದನ್ನು ಲಿನ್ ಸಿಯು ದೈ ದಾ ಎನ್ನುತ್ತಾರೆ. ಹೆಸರುಗಳು ‘ದಾ’ ಸೇರಿಸಿ ಮುಗಿಯುತ್ತವೆ.

ಪಾಕ್ ದಾ: ಪಾಕ್ ಎಂದರೆ ತಟ್ಟುವುದು. ಎದುರಿನಿಂದ ನೇರ ಗುದ್ದು ಬಂದಾಗ ಅಂಗೈಯಿಂದ ಅದರ ಮುಂಗೈಯನ್ನು ತಟ್ಟಿ ಗೆರೆಯಿಂದ ಸರಿಸಿ, ಅದೇ ಕ್ಷಣ ಇನ್ನೊಂದು ಕೈಯಲ್ಲಿ ಚುಂಗ್ ಕುಯೆನ್. ‘ತಟ್, ಗುದ್’ ಎಂದು ಎರಡು ಸದ್ದು ಬಂದರೆ ತಪ್ಪು. ಒಂದೇ ಸದ್ದು ಬರಬೇಕು. ತಟ್ಟುವ ಕೈ ನಿಮ್ಮ ಭುಜದ ಆಚೆ ಹೋಗಬಾರದು. ಎದುರಿನವರ ಕೈಯನ್ನು ಅಟ್ಟಿಸಿಕೊಂಡು ಹೋಗುವುದು ವಿಂಗ್ ಚುನ್ ಗುರುಗಳೆಲ್ಲ ಬೈಯುವ ಚಟ.

ತಾನ್ ದಾ: ತಾನ್ ಸೌ ಎಂದರೆ ಅಂಗೈ ಮೇಲ್ಮುಖವಾಗಿ ಚಾಚಿದ ಕೈ. ಮೊಣಕೈ ಒಳಕ್ಕೆ, ಮೈಯಿಂದ ಒಂದು ಮುಷ್ಟಿಯಷ್ಟು ಮುಂದೆ. ಮೈ ತಿರುಗಿಸುತ್ತಾ ತಾನ್ ಸೌ ಮತ್ತು ಗುದ್ದು ಜೊತೆಯಾಗಿ ಹೋಗುತ್ತವೆ. ತಾನ್ ಸೌ ಮುಂದಕ್ಕೆ ಚಾಚಬೇಕು. ಹೊರಕ್ಕೆ ಬೀಸಿದರೆ ನಡು ಬಾಗಿಲು ತೆರೆದಂತೆ.

ಲಾಪ್ ದಾ: ಲಾಪ್ ಎಂದರೆ ಹಿಡಿದೆಳೆಯುವುದು. ನಾಲ್ಕು ಬೆರಳನ್ನು ಕೊಕ್ಕೆಯಂತೆ ಎದುರಿನವರ ಮಣಿಕಟ್ಟಿಗೆ ಹಾಕಿ, ಚಿಕ್ಕದಾಗಿ ಎಳೆಯುತ್ತಲೇ ಹೊಡೆಯುವುದು. ಹೆಬ್ಬೆರಳು ಸುತ್ತಬೇಡಿ, ಸಿಕ್ಕಿಕೊಳ್ಳುತ್ತದೆ. ಅಭ್ಯಾಸದಲ್ಲಿ ಜೋರಾಗಿ ಜಗ್ಗಿದರೆ ಜೊತೆಗಾರರ ಕುತ್ತಿಗೆ, ಮೊಣಕೈ ಉಳುಕುತ್ತದೆ. ಮೊದಲು ಅವರಿಗೆ ಹೇಳಿ, ಆಮೇಲೆ ಎಳೆಯಿರಿ.

ಈ ಮೂರನ್ನೂ ನಿಧಾನಗತಿಯಲ್ಲಿ, ಏಟು ಎದೆಯಿಂದ ನಾಲ್ಕು ಬೆರಳು ದೂರ ನಿಲ್ಲುವಂತೆ ಮಾಡಿ. ವೇಗ ಹೆಚ್ಚಿದಾಗ ಎದೆಗವಚ, ಹಲ್ಲಿನ ಗಾರ್ಡ್ ಬಳಸಿ. ಚಿ ಸೌ, ಅಂದರೆ ಇಬ್ಬರ ಮುಂಗೈಗಳು ಅಂಟಿಕೊಂಡಂತೆ ಇಟ್ಟು ಆಡುವ ಅಭ್ಯಾಸ, ಇದರ ನಂತರದ್ದು. ಅಲ್ಲಿ ಹೇಳುವ ಹಳೇ ಮಾತೊಂದಿದೆ: ಬಂದದ್ದನ್ನು ಉಳಿಸಿಕೋ, ಹೋಗುವುದನ್ನು ಕಳುಹಿಸಿಕೊಡು, ಕೈ ತಪ್ಪಿದರೆ ನೇರ ನುಗ್ಗು. ಕೊನೆಯ ತುಂಡಿನಲ್ಲಿ ಬರುವ ‘ನುಗ್ಗು’ ನೀವು ಹಂತ 3ರಲ್ಲಿ ಕಲಿತ ಅದೇ ‘ಚುಂಗ್’.

ಹಂತ 8: ಬೆರಳು ಮತ್ತು ಮೊಣಕೈ, ಈಗ ಓದಲು ಮಾತ್ರ

ಬಿಯು ಜಿ ಎಂದರೆ ಈಟಿಯಂತೆ ಚಿಮ್ಮುವ ಬೆರಳು. ಮೂರನೇ ಅಭ್ಯಾಸ ಮಾಲೆಗೂ ಅದೇ ಹೆಸರು. ಗುರಿ ಕಣ್ಣು, ಗಂಟಲು. ‘ಬಿಯು ಜಿ ಬಾಗಿಲು ದಾಟುವುದಿಲ್ಲ’ ಎಂದು ಹಳಬರು ಹೇಳುತ್ತಿದ್ದರು, ಹೊರಗಿನವರಿಗೆ, ಹೊಸಬರಿಗೆ ಇದನ್ನು ತೋರಿಸುತ್ತಿರಲಿಲ್ಲ. ಆ ಮಾಲೆಯಲ್ಲೇ ಮೊಣಕೈ ಏಟುಗಳೂ ಬರುತ್ತವೆ: ಅಡ್ಡಕ್ಕೆ ಹೋಗುವ ಪೈ ಜಾಂಗ್, ಮೇಲಿನಿಂದ ಮುಚ್ಚಿದಂತೆ ಇಳಿಯುವ ಕಪ್ ಜಾಂಗ್, ಓರೆಯಾಗಿ ಕೆಳಕ್ಕೆ ಬೀಳುವ ಗ್ವೈ ಜಾಂಗ್. ಮೈ ಹತ್ತಿರ ಬಂದು, ಗುದ್ದಲು ಜಾಗವಿಲ್ಲದಾಗಿನ ಏಟುಗಳಿವು.

ವೀಡಿಯೊ ನೋಡಿ ಇವನ್ನು ಶುರು ಮಾಡಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಕಾರಣ ಎರಡು. ಬೆರಳಿನ ಏಟು ತಪ್ಪಿದರೆ ನಿಮ್ಮ ಬೆರಳು ಹೋಗುತ್ತದೆ, ಸರಿಯಾಗಿ ತಾಗಿದರೆ ಜೊತೆಗಾರರ ಕಣ್ಣು ಹೋಗುತ್ತದೆ. ಇನ್ನೊಂದು, ಮೊದಲೆರಡು ಮಾಲೆಗಳು ಮೊಣಕೈಯನ್ನು ಕೆಳಗೆ, ಒಳಗೆ ಇಡಲು ಕಲಿಸುತ್ತವೆ. ಮೂರನೆಯದು ಅದನ್ನು ಎತ್ತಲು ಕಲಿಸುತ್ತದೆ. ಕೆಳಗಿಡಲು ಬಾರದವರು ಎತ್ತಲು ಕಲಿತರೆ ಹಿಂದಿನದ್ದೆಲ್ಲ ಹಾಳಾಗುತ್ತದೆ.

ಗುರು ಹುಡುಕುವಾಗ

ಹಂತ 5ರವರೆಗೆ ಮನೆಯಲ್ಲಿ ಶುರು ಮಾಡಬಹುದು. 6ರಿಂದ ನೋಡುವ ಕಣ್ಣೊಂದು ಬೇಕು. ತರಗತಿಗೆ ಹಣ ಕಟ್ಟುವ ಮುಂಚೆ ಒಂದು ದಿನ ಕೂತು ನೋಡಲು ಬಿಡುತ್ತಾರೆಯೇ ಕೇಳಿ. ಹೊಸಬರ ಮೊಣಕೈಯನ್ನು ಗುರುಗಳು ಕೈಯಿಟ್ಟು ತಿದ್ದುತ್ತಾರೆಯೇ, ಇಲ್ಲಾ ಎಲ್ಲರಿಂದಲೂ ವೇಗವಾಗಿ ಗುದ್ದಿಸಿ ಬಿಡುತ್ತಾರೆಯೇ ನೋಡಿ. ಹಳೇ ವಿದ್ಯಾರ್ಥಿಗಳು ಹೊಸಬರನ್ನು ಹೊಡೆದು ತೋರಿಸುವ ಜಾಗವಾದರೆ ಎದ್ದು ಬನ್ನಿ. ಯಾರ ಬಳಿ ಕಲಿತಿರಿ ಎಂದು ವಿನಯವಾಗಿ ಕೇಳಿ. ಈ ಪ್ರಶ್ನೆ ಈ ಕಲೆಯಲ್ಲಿ ಸಹಜ, ಯಾರೂ ತಪ್ಪು ತಿಳಿಯುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು, ಅವರು ಹೇಳುವ ಪ್ರತಿ ಹೆಸರನ್ನೂ ಕಿವಿಗೆ ಬಿದ್ದಂತೆ ಕನ್ನಡದಲ್ಲೇ ಬರೆದುಕೊಳ್ಳಿ. ಪಕ್ಕದಲ್ಲಿ ತಾಗುವ ಭಾಗ, ಹೋಗುವ ದಾರಿ, ಮೊಣಕೈ ಇರುವ ಜಾಗ, ಈ ಮೂರನ್ನು ಬರೆಯಿರಿ.